ಗೂಡಿನ ದುಡ್ಡಲ್ಲಿ ಕಲಿತ ಫ್ರೆಂಚ್

ನಮ್ಮ ಹುಳದ ಮನೆಯ ಬಾಗಿಲಲ್ಲಿ ನಿಂತರೆ ಎದುರಿಗೇ ಅಂಬಾಜಿದುರ್ಗದ ಬೆಟ್ಟ. ಚಿಂತಾಮಣಿ ಕಡೆಯಿಂದ ಬರುವವರು ಕೈಲಾಸಗಿರಿಯ ಗುಹಾ ದೇಗುಲ ನೋಡಿ, ನಾಲ್ಕು ಫೋಟೊ ತೆಗೆದುಕೊಂಡು ಹೊರಟುಹೋಗುತ್ತಾರೆ. ತಪ್ಪಲಿನಲ್ಲಿರುವ ನಮಗೆ ಆ ಬೆಟ್ಟವೇ ಹವಾಮಾನ ಇಲಾಖೆ. ನೆತ್ತಿಯ ಮೇಲೆ ಮೋಡ ಕೂತರೆ ಸಾಕು, ಅಪ್ಪ ಊಟ ಬಿಟ್ಟು ಎದ್ದು ಹುಳದ ಮನೆಯ ಕಿಟಕಿ ನೋಡಲು ಹೋಗುತ್ತಾರೆ. ತಂಡಿ ಹೆಚ್ಚಾದರೆ ಹುಳಕ್ಕೆ ಆಗಿಬರುವುದಿಲ್ಲ.

ಇಂಥ ಮನೆಯ ಹುಡುಗಿ ಫ್ರೆಂಚ್ ಕಲಿಯಲು ಫ್ರಾನ್ಸಿಗೆ ಹೋಗಿದ್ದೇ ಒಂದು ಕಥೆ. ಹತ್ತನೇ ತರಗತಿವರೆಗೆ ನಾನು ಓದಿದ್ದು ಸರ್ಕಾರಿ ಶಾಲೆಯ ಕನ್ನಡ ಮಾಧ್ಯಮದಲ್ಲಿ. ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಡಿಗ್ರಿಗೆಂದು ಬೆಂಗಳೂರಿಗೆ ಹೋದಾಗ ಇಂಗ್ಲಿಷ್ ಮಾತಾಡಲು ಬಾಯೇ ಬರುತ್ತಿರಲಿಲ್ಲ. ಫ್ರೆಂಚ್ ತರಗತಿಯಲ್ಲಿ ಮಾತ್ರ ನೆಮ್ಮದಿ. ಅಲ್ಲಿ ಕಾನ್ವೆಂಟಿನವರಿಗೂ ಸೊನ್ನೆ, ನನಗೂ ಸೊನ್ನೆ! ಆ ಧೈರ್ಯಕ್ಕೇ ಚೆನ್ನಾಗಿ ಓದಿದೆ. ಎರಡು ವರ್ಷದ ಹಿಂದೆ, ದಕ್ಷಿಣ ಫ್ರಾನ್ಸಿನ ಮೊಂಪೆಲಿಯೆ ನಗರದಲ್ಲಿ ಆರು ವಾರಗಳ ಬೇಸಿಗೆ ಕೋರ್ಸಿಗೆ ಅರ್ಧ ಶುಲ್ಕದ ವಿನಾಯಿತಿ ಸಿಕ್ಕಿತು. ಉಳಿದರ್ಧ, ವೀಸಾ, ವಿಮಾನದ ಟಿಕೆಟ್ಟು ನಮ್ಮದೇ. ಅಪ್ಪ ಎರಡು ಬೆಳೆಯ ಗೂಡಿನ ದುಡ್ಡು ಕೂಡಿಟ್ಟಿದ್ದರು. ಸಾಲದ್ದಕ್ಕೆ ಕೈಸಾಲ ತಂದರು. "ಜುಲೈ ಬೆಳೆ ಬಂದ್ರೆ ತೀರಿಸಿಬಿಡ್ತೀನಿ, ನೀನು ಹೋಗಮ್ಮ" ಅಂದರು. ಪಕ್ಕದ ತೋಟದವರಂತೂ "ಫ್ರೆಂಚ್ ಕಲ್ತು ಚಿಂತಾಮಣಿ ಸಂತೇಲಿ ಟೊಮೊಟೊ ಮಾರ್ತಾಳಾ?" ಎಂದು ನಕ್ಕರು.

ಹೊರಡುವ ಹಿಂದಿನ ದಿನ ತಮ್ಮನ ಜೊತೆ ಬೆಟ್ಟ ಹತ್ತಿದೆ. ಮೇಲೆ ಹಳೇ ಕೋಟೆಯ ಕಲ್ಲುಗಳ ಪಕ್ಕ ಕೂತು ಅವನಿಗೆ ಒಂದು ವಿಷಯ ಹೇಳಿದೆ. ಮೈಸೂರು ಸೀಮೆಗೆ ರೇಷ್ಮೆ ತಂದ ಟಿಪ್ಪು ಸುಲ್ತಾನ್ ಫ್ರಾನ್ಸಿನ ದೊರೆಯ ಬಳಿಗೆ ಮೂವರು ರಾಯಭಾರಿಗಳನ್ನು ಕಳಿಸಿದ್ದ, ಅವರು ಹಡಗಿನಲ್ಲಿ ಹೋಗಿ 1788ರಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೇ ಲೂಯಿಯನ್ನು ಕಂಡರು ಎಂದೆ. ತಮ್ಮ, "ಅವರು ಬರಿಗೈಲಿ ವಾಪಸ್ ಬಂದ್ರಂತೆ, ನೀನು ಹಾಗೆ ಬರಬೇಡ" ಅಂದ. ಅವನು ಓದಿಕೊಂಡೇ ಬಂದಿದ್ದ!

ನಮ್ಮಲ್ಲಿ ಆಷಾಢದ ಗಾಳಿ ಬೀಸುವ ಹೊತ್ತಿಗೆ ಅವರಿಗೆ ನಡುಬೇಸಿಗೆ. ರಾತ್ರಿ ಒಂಬತ್ತಾದರೂ ಬೆಳಕು. ನಾನು ಉಳಿದಿದ್ದ ಮನೆಯ ಯಜಮಾನಿಗೆ ಎಪ್ಪತ್ತರ ಹತ್ತಿರದ ವಯಸ್ಸು, ಒಬ್ಬರೇ ಇದ್ದರು. ನಾನು 'ಮದಾಮ್' ಎನ್ನುತ್ತಿದ್ದೆ. ಮೊದಲ ದಿನವೇ ಕೆನ್ನೆಗೆ ಕೆನ್ನೆ ತಾಗಿಸಿ ಮೂರು ಸಲ ಮುತ್ತಿನ ಸದ್ದು ಮಾಡಿದರು. ಎರಡಕ್ಕೇ ಮುಗಿಯಿತೆಂದು ನಾನು ಮುಖ ತಿರುಗಿಸಿದ್ದರಿಂದ ಮೂರನೆಯದು ನನ್ನ ಕಿವಿಗೆ ಬಿತ್ತು. ಬ್ರೆಡ್ಡನ್ನು ತಟ್ಟೆಯಲ್ಲಿಡದೆ ಮೇಜಿನ ಬಟ್ಟೆಯ ಮೇಲೇ ಇಡುತ್ತಿದ್ದರು. ಊಟದ ಕೊನೆಗೆ ಚೀಸು. ಅದರ ವಾಸನೆಗೆ ಮೂರು ದಿನ ಉಸಿರು ಹಿಡಿದೆ, ನಾಲ್ಕನೇ ದಿನ ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಉದುರಿಸಿಕೊಂಡು ತಿಂದೆ. ಮದಾಮ್ ಕೂಡ ರುಚಿ ನೋಡಿ, ಒಂದು ಲೋಟ ನೀರು ಕುಡಿದು, ಮತ್ತೆ ಕೇಳಿದರು.

ಭಾಷೆಯದೇ ಕಷ್ಟ. ಕನ್ನಡದಲ್ಲಿ ಕಲ್ಲು, ಮರ, ಹುಳ ಎಲ್ಲವೂ 'ಅದು'. ಫ್ರೆಂಚಿನಲ್ಲಿ ಕುರ್ಚಿ ಹೆಣ್ಣು, ಮರ ಗಂಡು. ನಮಗೆ ಅನುಕೂಲವಾಗಿದ್ದು ಒಂದೇ: 'ನೀನು'ಗೆ 'ತ್ಯು', 'ನೀವು'ಗೆ 'ವೂ'. ಇಂಗ್ಲಿಷ್ ಮಾತಾಡುವ ಸಹಪಾಠಿಗಳು ಇದರಲ್ಲಿ ತಡವರಿಸುತ್ತಿದ್ದರೆ ನನಗೆ ಅದು ಕಲಿಯುವ ವಿಷಯವೇ ಆಗಿರಲಿಲ್ಲ.

ಎರಡನೇ ವಾರ ಮದಾಮ್ ಊಟದ ಹೊತ್ತಿನಲ್ಲಿ ಅಪ್ಪ ಏನು ಮಾಡುತ್ತಾರೆಂದು ಕೇಳಿದರು. ರೈತರು ಎಂದರೆ ಮುಗಿಯುತ್ತಿತ್ತು. ಹೊಸದಾಗಿ ಕಲಿತಿದ್ದೆನಲ್ಲ, ನಮ್ಮಪ್ಪ 'ವೆರ್' ಸಾಕುತ್ತಾರೆ ಎಂದೆ. ಅವರು ಮುಖ ಮುಖ ನೋಡಿದರು. ಫ್ರೆಂಚಿನಲ್ಲಿ ಹುಳ, ಗಾಜಿನ ಲೋಟ, ಹಸಿರು ಬಣ್ಣ, ಪದ್ಯದ ಸಾಲು ಇವೆಲ್ಲಕ್ಕೂ ಉಚ್ಚಾರ ಒಂದೇ, 'ವೆರ್'. "ಕವಿಗಳೇ?" ಎಂದು ಗೌರವದಿಂದ ಕೇಳಿದರು. ನಾನು ಗಾಬರಿಯಿಂದ "ಅಲ್ಲ, ವೆರ್ ಆ ಸ್ವಾ" ಎಂದೆ. ರೇಷ್ಮೆ ಹುಳ.

ಅವರು ಫೋರ್ಕು ಕೆಳಗಿಟ್ಟು ಎದ್ದು ಒಳಗೆ ಹೋದರು. ತಪ್ಪಾಯಿತೇನೋ ಎಂದುಕೊಂಡೆ. ಬರುವಾಗ ಅವರ ಕೈಯಲ್ಲಿ ಕಪ್ಪುಬಿಳುಪು ಫೋಟೊ. ತಲೆಗೆ ಬಟ್ಟೆ ಕಟ್ಟಿದ ಹೆಂಗಸು, ಮಡಿಲಲ್ಲಿ ಬುಟ್ಟಿ, ಬುಟ್ಟಿ ತುಂಬ ಗೂಡು. "ನನ್ನ ಅಜ್ಜಿ" ಎಂದರು. ಆ ರಾತ್ರಿಯಿಂದ ಮದಾಮ್ ನನ್ನನ್ನು 'ತ್ಯು' ಎಂದೇ ಕರೆದರು. ನೀನೂ ಹಾಗೇ ಕರೆ ಎಂದು ಒತ್ತಾಯಿಸಿದರು. ಹಿರಿಯರನ್ನು ಏಕವಚನದಲ್ಲಿ ಕರೆಯಲು ನನ್ನ ನಾಲಿಗೆ ಕೊನೆವರೆಗೂ ಒಪ್ಪಲಿಲ್ಲ.

ಆ ಭಾನುವಾರ ತಮ್ಮ ಹಳೇ ಕಾರಿನಲ್ಲಿ ಅಜ್ಜಿಯ ಊರಿನ ಕಡೆ ಕರೆದುಕೊಂಡು ಹೋದರು. ಸೆವೆನ್ ಎಂಬ ಬೆಟ್ಟಗಳ ಸೀಮೆ. ನಮ್ಮಂತೆ ಬಂಡೆ, ಇಳಿಜಾರಿನಲ್ಲಿ ಕಲ್ಲು ಕಟ್ಟಿ ಮಾಡಿದ ಮೆಟ್ಟಿಲು ಹೊಲ. 1709ರ ಭೀಕರ ಚಳಿಗೆ ಅಲ್ಲಿನ ಮರಗಳು ಸತ್ತ ಮೇಲೆ ಜನ ಹಿಪ್ಪುನೇರಳೆ ನೆಟ್ಟರಂತೆ. ಅದು ಅನ್ನ ಕೊಟ್ಟಿತೆಂದು 'ಚಿನ್ನದ ಮರ' ಎಂದು ಕರೆದರು. ನಮ್ಮದು ಆಳೆತ್ತರದ ಗಿಡ, ಬುಡಕ್ಕೆ ಕೊಯ್ಯುತ್ತೇವೆ. ಅವರದು ಏಣಿ ಹಾಕಿ ಹತ್ತುವ ಮರ. ರಸ್ತೆ ಬದಿಯಲ್ಲಿ ಈಗಲೂ ಸಾಲಾಗಿ ನಿಂತಿವೆ. ಎಂಥ ಸೊಪ್ಪು! ಕೀಳುವವರೇ ಇಲ್ಲ. ನನ್ನ ಕೈ ತಾನಾಗಿ ಒಂದು ಎಲೆ ಕಿತ್ತು ಹದ ನೋಡಿತು.

ಸೇಂ-ಜಾಂ-ದ್ಯು-ಗಾರ್ ಎಂಬ ಊರಿನ ಹಳೇ ನೂಲು ತೆಗೆಯುವ ಕಾರ್ಖಾನೆ ಈಗ ವಸ್ತುಸಂಗ್ರಹಾಲಯ. 1965ರಲ್ಲಿ ಅದು ಬಾಗಿಲು ಹಾಕಿತು. ಅಲ್ಲಿನ ಫಲಕಗಳನ್ನು ಓದುತ್ತಾ ಹೋದಂತೆ ನನಗೆ ಮೈ ಜುಮ್ಮೆಂದಿತು. ಹುಳದ ಮೊಟ್ಟೆಗೆ 'ಗ್ರೆನ್', ಕಾಳು ಎಂದರ್ಥ. ನಾವು ಶಿಡ್ಲಘಟ್ಟದಲ್ಲಿ 'ಗ್ರೇನೇಜ್' ಅನ್ನುವುದು ಅದರಿಂದಲೇ. ನೂಲು ತೆಗೆಯುವ ಜಾಗ 'ಫಿಲಾತ್ಯೂರ್', ನಮ್ಮ ಫಿಲೇಚರ್. ನೂಲಿನ ದಪ್ಪ ಹೇಳಲು ರೀಲರುಗಳು ಬಳಸುವ 'ಡೆನಿಯರ್' ಒಂದು ಹಳೇ ಫ್ರೆಂಚ್ ನಾಣ್ಯದ ಹೆಸರು. ರೇಷ್ಮೆ ಇಲಾಖೆಯವರು ಊರಿಗೆ ಬಂದಾಗ ಹೇಳುವ ರೋಗಗಳ ಪಟ್ಟಿ ಅಲ್ಲಿ ಗೋಡೆಯ ಮೇಲಿತ್ತು. ಪೆಬ್ರಿನ್ ಅಂದರೆ ನಮ್ಮ ಗಂಟು ರೋಗ. ಹುಳದ ಮೈಮೇಲೆ ಮೆಣಸಿನ ಪುಡಿ ಚೆಲ್ಲಿದಂತೆ ಚುಕ್ಕೆ ಬರುವುದರಿಂದ ಅಲ್ಲಿನ ಆಡುಮಾತಿನ 'ಮೆಣಸು' ಪದದಿಂದ ಬಂದ ಹೆಸರು. ಫ್ಲಾಚರಿ, ಸಪ್ಪೆ ರೋಗ. ಮಸ್ಕಾರ್ಡಿನ್, ಸುಣ್ಣಕಟ್ಟು. ಗ್ರಾಸರಿ, ಹಾಲು ರೋಗ. ಐದನೇ ತರಗತಿ ದಾಟದ ನಮ್ಮಪ್ಪ ಈ ಹೆಸರುಗಳನ್ನು ದಿನಾ ಹೇಳುತ್ತಿದ್ದರು. ಇಂಗ್ಲಿಷ್ ಎಂದೇ ನಾನು ತಿಳಿದಿದ್ದೆ.

ಹಣ್ಣಾದ ಹುಳವನ್ನು ಅವರು ಒಣಪೊದೆಯ ಕಡ್ಡಿಗಳ ಕಮಾನಿಗೆ ಹತ್ತಿಸುತ್ತಿದ್ದರು, ನಾವು ಚಂದ್ರಿಕೆಗೆ ಬಿಡುತ್ತೇವೆ. ನಾಲ್ಕನೇ ಜ್ವರ ಎದ್ದ ಹುಳ ಸೊಪ್ಪು ತಿನ್ನುವ ಸದ್ದು ಮಳೆ ಬಂದಂತೆ ಕೇಳುತ್ತದೆ ಎಂದು ಮದಾಮ್‌ಗೆ ಅವರಜ್ಜಿ ಹೇಳುತ್ತಿದ್ದರಂತೆ. ನಮ್ಮಮ್ಮನೂ ಅದನ್ನೇ ಹೇಳುವುದು. ಅಜ್ಜಿಗೆ ಬರುತ್ತಿದ್ದದ್ದು ಆ ಸೀಮೆಯ ಆಡುಮಾತು. ಶಾಲೆಯಲ್ಲಿ ಅದನ್ನಾಡಿದರೆ ಶಿಕ್ಷೆ ಇತ್ತಂತೆ. ತರಗತಿಯಲ್ಲಿ ಬಾಯ್ತಪ್ಪಿ ತೆಲುಗು ಬಂದಾಗ ತಲೆ ತಗ್ಗಿಸುತ್ತಿದ್ದದ್ದು ನೆನಪಾಯಿತು.

ಅಲ್ಲಿಂದ ಸ್ವಲ್ಪ ದೂರದ ಅಲೆಸ್ ಪಟ್ಟಣದಲ್ಲಿ ಲೂಯಿ ಪಾಶ್ಚರ್ ಪ್ರತಿಮೆ ಇದೆ. ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕಂಡುಹಿಡಿದವರೆಂದು ನಮಗೆ ಗೊತ್ತು. ಅದಕ್ಕೂ ಮೊದಲು, ಗಂಟು ರೋಗದಿಂದ ಫ್ರಾನ್ಸಿನ ಗೂಡಿನ ಬೆಳೆ ನೆಲಕಚ್ಚಿದಾಗ, 1865ರಲ್ಲಿ ಸರ್ಕಾರ ಅವರನ್ನು ಇಲ್ಲಿಗೆ ಕಳಿಸಿತು. ಅವರು ಹುಳವನ್ನು ಮುಟ್ಟಿದವರೇ ಅಲ್ಲ. ಕೀಟಗಳ ವಿಷಯ ಬಲ್ಲ ಫಾಬ್ರ್ ಎಂಬವರ ಮನೆಗೆ ಹೋಗಿ, ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಏನೋ ಇದೆಯಲ್ಲ ಎಂದು ಬೆರಗಾದರಂತೆ! ಅಂಥವರು ವರ್ಷಗಟ್ಟಲೆ ಕೂತು ದಾರಿ ಹುಡುಕಿದರು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ರೋಗದ ಕಣ ಕಂಡರೆ ಆ ಮೊಟ್ಟೆ ಎಸೆಯುವುದು. ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ಮಾಡುವುದು ಇದೇ ಪರೀಕ್ಷೆ. ನಾವು ತರುವ 'ರೋಗರಹಿತ ಮೊಟ್ಟೆ' ಅಂದರೆ ಇದೇ.

ಆ ಸಂಜೆ ಖುಷಿಯಿಂದ ಮನೆಗೆ ಫೋನ್ ಮಾಡಿದೆ. ತಮ್ಮ ಎತ್ತಿಕೊಂಡ. ದನಿಯೇ ಸರಿಯಿರಲಿಲ್ಲ. ಬಾಯಿ ಬಿಡಿಸಿದಾಗ ಹೇಳಿದ, "ಬೆಳೆ ಹೋಯ್ತಕ್ಕ. ಹಾಲು ರೋಗ. ನಾಲ್ಕನೇ ಜ್ವರ ಆದ್ಮೇಲೆ ಬಂತು. ಅಪ್ಪ ಎಲ್ಲಾ ಗುಂಡಿಗೆ ಹಾಕ್ಸಿದ್ರು. ನಿಂಗೆ ಹೇಳ್ಬೇಡ ಅಂದಿದ್ರು." ಹತ್ತು ದಿನವಾಗಿತ್ತು. ಈ ಹತ್ತು ದಿನವೂ ಅಪ್ಪ ಫೋನಿನಲ್ಲಿ "ಹುಳ ಚೆನ್ನಾಗೈತೆ" ಎಂದೇ ಹೇಳಿದ್ದರು.

ಅಂದು ಊಟ ಸೇರಲಿಲ್ಲ. ನಾನಿಲ್ಲಿ ಗ್ರಾಸರಿ ಪದಕ್ಕೆ ಅರ್ಥ ಬರೆದುಕೊಳ್ಳುತ್ತಿದ್ದೆ, ಅಪ್ಪ ಅಲ್ಲಿ ಅದನ್ನೇ ಮಣ್ಣು ಮಾಡಿದ್ದರು. ವಾಪಸ್ ಬರುತ್ತೇನೆಂದೆ. ಅಪ್ಪ ಫೋನ್ ತಗೊಂಡು, "ಬಂದು ಏನ್ ಮಾಡ್ತೀಯ? ಸತ್ತ ಹುಳ ಎದ್ದು ಬರ್ತಾವಾ? ಇನ್ನು ನಾಲ್ಕು ವಾರ ಐತೆ, ಕಲ್ತುಕೊಂಡು ಬಾ" ಎಂದರು. ಆಮೇಲೆ ಮೆಲ್ಲಗೆ, "ಆ ಸಾಹೇಬ್ರು ಹಾಲು ರೋಗಕ್ಕೂ ಏನಾದ್ರೂ ಕಂಡುಹಿಡಿದ್ರಾ?" ಎಂದು ಕೇಳಿದರು. ಇಲ್ಲ ಎನ್ನಬೇಕಾಯಿತು. ಅದು ವೈರಸ್. ಮನೆ ತೊಳೆದು, ಸೋಂಕು ತೆಗೆದು ಜೋಪಾನ ಮಾಡುವುದು ಬಿಟ್ಟರೆ ಮದ್ದಿಲ್ಲ.

ಮದಾಮ್‌ಗೆ ಹೇಳಿದೆ. ಸಮಾಧಾನದ ಮಾತು ಹೆಚ್ಚೇನೂ ಆಡಲಿಲ್ಲ. ಅವರೂರಿನಲ್ಲಿ ರೇಷ್ಮೆ ಹೇಗೆ ಹೋಯಿತೆಂದು ಹೇಳಿದರು. ರೋಗ ತಗ್ಗಿದ ಮೇಲೂ ಬೆಲೆ ಬರಲಿಲ್ಲ. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಪೂರ್ವ ದೇಶಗಳ ಅಗ್ಗದ ರೇಷ್ಮೆ ಬಂತು, ಆಮೇಲೆ ಕೃತಕ ದಾರ ಬಂತು, ಮಕ್ಕಳು ಪಟ್ಟಣ ಸೇರಿದರು. ಕೊನೆಗೆ ಅವರು ಹೇಳಿದ್ದು ಮಾತ್ರ ನನ್ನಲ್ಲಿ ಉಳಿದುಬಿಟ್ಟಿತು. ಒಂದು ಬೆಳೆ ಹುಳ ಸಾಕುವುದಕ್ಕೆ ಆ ಸೀಮೆಯಲ್ಲಿ 'ಎದ್ಯುಕಾಸ್ಯೋಂ' ಎನ್ನುತ್ತಿದ್ದರಂತೆ. ಎಜುಕೇಶನ್! ಸಾಕುವವರು 'ಎದ್ಯುಕಾತರ್', ಶಿಕ್ಷಕರು. "ಹಾಗಾದರೆ ನಿನ್ನ ಅಪ್ಪನದೂ ಅದೇ ವೃತ್ತಿ" ಎಂದರು.

ಮರುದಿನ ಇದನ್ನು ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಗಾದ್ರೆ ಈ ಸಲ ನನ್ ಕ್ಲಾಸ್ ಪೂರ್ತಿ ಫೇಲು" ಎಂದು ನಕ್ಕರು. ಆ ನಗು ಕೇಳಿದ ಮೇಲೆಯೇ ನನಗೆ ಓದಲು ಆಗಿದ್ದು.

ಊರಿಗೆ ಬಂದು ಎರಡು ವರ್ಷವಾಯಿತು. ಬೆಂಗಳೂರಿನಲ್ಲಿ ಶಾಲಾ ಮಕ್ಕಳಿಗೆ ಫ್ರೆಂಚ್ ಟ್ಯೂಷನ್ ಹೇಳುತ್ತಾ ಎಂ.ಎ. ಓದುತ್ತಿದ್ದೇನೆ. ಆ ಕೈಸಾಲದಲ್ಲಿ ಅರ್ಧ ನಾನು ತೀರಿಸಿದ್ದೇನೆ, ಉಳಿದರ್ಧ ಅಪ್ಪನ ಹುಳ ತೀರಿಸಿದೆ. ಎಲ್ಲ ಸರಿಹೋಯಿತು ಎನ್ನಲಾರೆ. ಸಾವಿರ ಅಡಿ ಕೊರೆದರೂ ನೀರು ಸಿಗದ ಸೀಮೆ ನಮ್ಮದು. ತಮ್ಮನಿಗೆ ಹುಳದ ಕೆಲಸ ಬೇಡ. ಸೆವೆನ್ ಬೆಟ್ಟದ ದಾರಿಯಲ್ಲಿ ಯಾರೂ ಕೀಳದೆ ನಿಂತಿದ್ದ ಆ ಮರಗಳು ಆಗಾಗ ಕಣ್ಣ ಮುಂದೆ ಬರುತ್ತವೆ.

ಮದಾಮ್ ಕೊಟ್ಟ ಅಜ್ಜಿಯ ಫೋಟೊದ ಪ್ರತಿಯನ್ನು ಅಪ್ಪ ಹುಳದ ಮನೆಯಲ್ಲಿ ಕ್ಯಾಲೆಂಡರ್ ಪಕ್ಕ ಮೊಳೆ ಹೊಡೆದು ಹಾಕಿದ್ದಾರೆ. ಕಳೆದ ಬೆಳೆಗೆ ನಾನೂ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿದ್ದೆ. ಹರಾಜು ಈಗ ಮೊಬೈಲಿನಲ್ಲೇ ನಡೆದರೂ ರೀಲರುಗಳು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸುವುದು ಬಿಟ್ಟಿಲ್ಲ. ಒಬ್ಬರು ಹಾಗೆ ಅಲ್ಲಾಡಿಸುತ್ತಿದ್ದಾಗ ಅಪ್ಪ ಅವರಿಗೆ ಪಾಶ್ಚರ್ ಕಥೆ ಶುರು ಮಾಡಿದರು. "ದೊಡ್ಡ ಸೈಂಟಿಸ್ಟು ಕಣ್ರೀ, ಒಳಗೇನೈತೆ ಅಂತ ಗೊತ್ತಿರ್ಲಿಲ್ಲ. ಕೇಳಿ ತಿಳ್ಕೊಂಡ್ರು." ರೀಲರು ನಕ್ಕು, ಗೂಡು ಕೆಳಗಿಟ್ಟು, ಕಿಲೋಗೆ ಹತ್ತು ರೂಪಾಯಿ ಏರಿಸಿದರು.