ಏಪ್ರಿಲ್ ತಿಂಗಳ ಬುತ್ತಿ

ಏಪ್ರಿಲ್ ಬಂತಂದ್ರ ನಿಮ್ಮ ಮನ್ಯಾಗೆಲ್ಲಾ ಹಪ್ಪಳ, ಸಂಡಿಗಿ, ಮಾವಿನಕಾಯಿ ಉಪ್ಪಿನಕಾಯಿ ಗದ್ಲ. ಇಲ್ಲೆ ಟಾಸ್ಮೇನಿಯಾದಾಗ ಎಲ್ಲಾ ಉಲ್ಟಾ, ಏಪ್ರಿಲ್ ಅಂದ್ರ ಥಂಡಿ ಸುರುವಾಗೋ ಕಾಲ. ಆದ್ರೂ ನಮ್ಮ ಮನ್ಯಾಗೂ ಈ ತಿಂಗಳ ಒಂದು ಗದ್ಲ ಇರತಿತ್ತು. ಮೊನ್ನೆ ಫೋನಿನ್ಯಾಗ ವೈನಿ ಕೇಳಿದ್ರು, "ಈ ಸಲ ನಿಮ್ಮ ಕಾರಿನ ಜಾತ್ರಿ ಯಾವಾಗ?" ಅಂತ. "ಈ ಸಲ ಇಲ್ಲ ವೈನಿ" ಅಂದೆ. "ಯಾಕ?" ಅಂದ್ರು. ಫೋನಿನ್ಯಾಗ ಹೇಳಲಿಕ್ಕೆ ಆಗಲಿಲ್ಲ. ಅದಕ್ಕ ಇಲ್ಲೆ ಬರೀಲಿಕ್ಕೆ ಕೂತೀನಿ.

ನಾವು ಹೋಬಾರ್ಟಿಗೆ ಬಂದ ಹೊಸದರಾಗ ಒಂದಿನ ಟಪಾಲ ಡಬ್ಬಿಯೊಳಗ ಒಂದು ಚೀಟಿ ಬಂದಿತ್ತು. ಟಾರ್ಗಾ ಟಾಸ್ಮೇನಿಯಾ ಅಂತ ರ್‍ಯಾಲಿ ಅದ, ಇಂಥಾ ದಿನ ಗ್ರಾಸ್‌ಟ್ರೀ ಹಿಲ್ ರಸ್ತಾ ಕೆಲವು ತಾಸು ಬಂದ್ ಅಂತ. ನನಗ ಸಿಟ್ಟು ಬಂತು. ರಿಚ್ಮಂಡ್ ಊರಿಗೆ ನಾವು ಹೋಗೋದೇ ಆ ಗುಡ್ಡದ ರಸ್ತಾದಾಗ. "ಯಾರೋ ಶ್ರೀಮಂತರು ಗಾಡಿ ಓಡಸಲಿಕ್ಕೆ ನಮ್ಮ ರಸ್ತಾ ಯಾಕ ಮುಚ್ಚಬೇಕು?" ಅಂದೆ. ಇವರು ನಕ್ಕು, "ಹೆಂಗೂ ಹೋಗಲಿಕ್ಕಾಗೂದಿಲ್ಲ, ನೋಡೇರ ಬರೋಣು ನಡಿ" ಅಂದ್ರು. ಚಪಾತಿ, ಬದನಿಕಾಯಿ ಪಲ್ಯ, ಶೇಂಗಾ ಚಟ್ನಿ ಕಟಗೊಂಡು, ಥರ್ಮಾಸಿನ್ಯಾಗ ಚಹಾ ತುಂಬಕೊಂಡು ಹೋದ್ವಿ. ಅವತ್ತಿಂದ ಹತ್ತಿದ ಹುಚ್ಚು.

ರ್‍ಯಾಲಿ ಅಂದ್ರ ಸರ್ಕಸ್ಸಿನ ಹಂಗ ಎಲ್ಲಾ ಗಾಡಿ ಒಟ್ಟಿಗೆ ಸುತ್ತೂದಲ್ಲ. ಒಂದಾದ ಮ್ಯಾಲೆ ಒಂದು ಬಿಡತಾರ, ಗಡಿಯಾರದ ಜೋಡಿ ಪೈಪೋಟಿ. ನಮ್ಮ ಚಿಕ್ಕಮಗಳೂರ ಕಡೆ ಕಾಫಿ ತೋಟದ ಮಣ್ಣಿನ ದಾರ್‍ಯಾಗ ನಡೀತಾವಲ್ಲ, ಹಂಗ. ಆದ್ರ ಇಲ್ಲೆ ಡಾಂಬರ್ ರಸ್ತಾ. ದಿನಾ ಹಾಲಿನ ಗಾಡಿ, ಸಾಲಿ ಬಸ್ಸು ಓಡ್ಯಾಡೋ ರಸ್ತಾನ ಒಂದಿಷ್ಟು ಹೊತ್ತು ಮುಚ್ಚಿ ಬಿಟ್ಟುಕೊಡತಿದ್ರು. ಮಣ್ಣಿನ್ಯಾಗ ಗಾಲಿ ಜಾರತದ, ಡಾಂಬರಿನ್ಯಾಗ ಗಟ್ಟಿ ಹಿಡೀತದ. ಹಿಡಿತ ಇದ್ದಲ್ಲೆ ವೇಗ ಹೆಚ್ಚು. ಆದ್ರ ರಸ್ತಾದ ಅಂಚಿನ್ಯಾಗಿನ ಗಿಡ, ಕಂಬ, ಕಾಲುವಿ ಎಲ್ಲೂ ಸರದು ಕೂಡೂದಿಲ್ಲ, ಇದ್ದಲ್ಲೇ ಇರತಾವ.

1992ರಾಗ ಸುರುವಾದದ್ದು ಇದು. ಇಟಲಿ ದೇಶದ ಸಿಸಿಲಿಯೊಳಗ 1906ರಾಗ ಹುಟ್ಟಿದ ಟಾರ್ಗಾ ಫ್ಲೋರಿಯೋ ಅನ್ನೋ ಹಳೇ ರೇಸಿನ ಹೆಸರು ಇಟ್ಟಾರ. ಟಾರ್ಗಾ ಅಂದ್ರ ಫಲಕ. ಜಿಮ್ ರಿಚರ್ಡ್ಸ್ ಅಂತ ಒಬ್ಬಾಂವ 8 ಸಲ ಗೆದ್ದಾನ, ಪಕ್ಕದಾಗ ಬ್ಯಾರಿ ಓಲಿವರ್ ಅನ್ನಾಂವನ್ನ ಕೂಡಿಸಿಕೊಂಡು. ಆದ್ರ ನನಗ ಮನಸಿಗೆ ಬಂದದ್ದು ಗೆದ್ದವರ ಸುದ್ದಿ ಅಲ್ಲ. ಕಟ್ಟಿಕೊಟ್ಟ ವ್ಯಾಳ್ಯಾದೊಳಗ ಎಲ್ಲಾ ಹಂತ ಮುಗಿಸಿ ಬಂದವರಿಗೂ ಒಂದು ಫಲಕ ಸಿಗತಿತ್ತು. ಮೊದಲನೇ ನಂಬರೇ ಬರಬೇಕಂತಿಲ್ಲ, ಗಾಡಿ ಹಳೀದಿದ್ರೂ ನಡೀತದ, ಹೇಳಿದ ಹೊತ್ತಿಗೆ ಮನಿಗೆ ಮುಟ್ಟಬೇಕು ಅಷ್ಟ. ಇದು ನಮ್ಮಂಥಾ ಹೆಣ್ಣಮಕ್ಕಳಿಗೆ ತಿಳಿಯೋ ಲೆಕ್ಕ ಅಲ್ಲೇನು?

ಅತ್ತಿ ಇಲ್ಲಿಗೆ ಬಂದ ವರ್ಷ ಅವರನ್ನೂ ಕರಕೊಂಡು ಹೋಗಿದ್ವಿ. ತಲಿಗೆ ಸ್ಕಾರ್ಫು, ಮೈಮ್ಯಾಲೆ ಎರಡು ಶಾಲು ಹೊದ್ದು ಮಡಚೋ ಕುರ್ಚಿಯೊಳಗ ಕೂತಿದ್ರು. ಎರಡು ತಾಸು ಕಾದ ಮ್ಯಾಲೆ ಗುಡ್ಡದ ಆ ಕಡಿಂದ ಸಪ್ಪಳ ಬಂತು. ಬಂತು ಅನ್ನೋದರಾಗ ಗಾಡಿ ಬುರ್ ಅಂತ ಹೋಗೇ ಬಿಡ್ತು. "ಮುಗೀತs? ಸಿದ್ಧಾರೂಢರ ತೇರೇ ಛಲೋ, ನಿಂತು ಉತ್ತತ್ತಿ ಒಗೀಲಿಕ್ಕಾದ್ರೂ ಬಿಡತದ" ಅಂದ್ರು.

ಸಂಜಿಗೆ ಊರಾಗ ಗಾಡಿಗಳು ಸಾಲಾಗಿ ನಿಂತಾಗ ಹತ್ರ ಹೋಗಿ ನೋಡಿದ್ರು. ಒಬ್ಬಾಂವ ತೊಡಿ ಮ್ಯಾಲೆ ದಪ್ಪ ವಹಿ ಇಟಗೊಂಡು ಕೂತಿದ್ದ. "ಇಂವೇನು ಪೋಥಿ ಓದತಾನ?" ಅಂದ್ರು. ನಮ್ಮ ಹುಡುಗ ಆಗ ಸಣ್ಣಾಂವ, ಅಜ್ಜಿಗೆ ಕೂತು ತಿಳಿಸಿ ಹೇಳಿದ. ಪ್ರತಿಯೊಂದು ತಿರುವೂ ಮೊದಲೇ ಬರಕೊಂಡಿರತಾರ. ಎಡಕ್ಕೋ ಬಲಕ್ಕೋ, ಎಷ್ಟು ಬಿಗಿ ಅನ್ನೋದಕ್ಕ ಒಂದು ನಂಬರು, ದಿಬ್ಬ ಎಲ್ಲೆ, ಸೇತುವೆ ಎಲ್ಲೆ. ಪಕ್ಕದಾಂವ ಅದನ್ನ ಓದತಾ ಹೋಗಬೇಕು, ಹೊಡಿಯಾಂವ ಕೇಳಿ ತಿರಗಸಬೇಕು. ಅತ್ತಿ ಒಂದು ಗಳಿಗಿ ಸುಮ್ಮನಿದ್ದು ಕೇಳಿದ್ರು: "ಓದಾಂವಗ ರಸ್ತಾ ಕಾಣೂದಿಲ್ಲ, ಹೊಡಿಯಾಂವಗ ಪೋಥಿ ಕಾಣೂದಿಲ್ಲ. ಹಂಗಾದ್ರ ಗಾಡಿ ಯಾರ ಮ್ಯಾಲೆ ನಡದದ?"

ಅವತ್ತಿಂದ ನಮ್ಮ ಮನ್ಯಾಗ ಅದಕ್ಕ ಪೋಥಿ ಅಂತನ ಹೆಸರು. ನಮ್ಮ ಹುಡುಗ ಸಾಲಿ ವಹಿ ಹಿಂದ ಗ್ರಾಸ್‌ಟ್ರೀ ಹಿಲ್‌ದ ತಿರುವು ಬರೀಲಿಕ್ಕೆ ಸುರು ಮಾಡಿದ. 17ಕ್ಕ ಬಂದಾಗ, "ಅಮ್ಮ, ಗೆಳೆಯಾನ ಅಪ್ಪನ ಕಡೆ ಹಳೇ ಡಾಟ್ಸನ್ ಅದ, ಮುಂದ ನನ್ನ ಪೋಥಿ ಓದಲಿಕ್ಕೆ ಕರೀತೀನಿ ಅಂದಾರ" ಅಂದ. ಇವರು ನೋಡೋಣು ಅಂದ್ರು. ನಾನೂ ನಕ್ಕು ಸುಮ್ಮನಾದೆ.

ಅದು 2021. ಹಿಂದಿನ ವರ್ಷ ಕೊರೋನಾದಿಂದ ರ್‍ಯಾಲಿ ಆಗಿರಲಿಲ್ಲ, ಹಂಗಾಗಿ ಎಲ್ಲಾರಿಗೂ ಡಬಲ್ ಉಮೇದಿ. ಏಪ್ರಿಲ್ 23, ಶುಕ್ರವಾರ ಸಂಜಿಗೆ ಸುದ್ದಿ ಬಂತು. ಪಶ್ಚಿಮದ ಮೌಂಟ್ ಆರೋಸ್ಮಿತ್ ಘಟ್ಟದಾಗ ಗಾಡಿ ಬಿದ್ದು ಒಬ್ಬ ಸ್ಪರ್ಧಿ ತೀರಿಕೊಂಡಿದ್ದ. ಮರುದಿನ ಹೋಗೂದೋ ಬ್ಯಾಡೋ ಅಂತ ರಾತ್ರಿ ಮಾತಾತು. ರ್‍ಯಾಲಿ ನಡದೇ ಇತ್ತು. ಮುಂಜಾನೆ ನಾನ ಬುತ್ತಿ ಕಟ್ಟಿದೆ. ಇದನ್ನ ಮುಚ್ಚಿಡೂದಿಲ್ಲ.

ಸಿಗ್ನೆಟ್ ಅಂತ ಊರು, ಸೇಬಿನ ತೋಟದ ಸೀಮಿ. ತೋಟದವರು ರಸ್ತಾದ ಬದೀಗೆ ಹಣ್ಣಿನ ಚೀಲ ಇಟ್ಟು ರೊಕ್ಕ ಹಾಕಲಿಕ್ಕೆ ಒಂದು ಡಬ್ಬಿ ಇಟ್ಟಿರತಾರ. ಒಂದು ಚೀಲ ತಗೊಂಡು, ಟೇಪು ಕಟ್ಟಿದ ಹಿಂದ ನಿಂತ್ವಿ. ಗಾಡಿ ಬರಲಿಕ್ಕೆ ಹತ್ತಿದ್ವು. ಒಂದು ಹೋಗಿ ಇನ್ನೊಂದು ಬರೂದರೊಳಗ ಒಂದು ಸೇಬಿನ ಸಿಪ್ಪಿ ತೆಗಿಯೋವಷ್ಟು ಹೊತ್ತು. ನಾ ಚಪ್ಪಾಳಿ ಹೊಡೀತಿದ್ದೆ, ಜೋರಾಗಿ ಹೋದವರಿಗೆ ಇನ್ನಷ್ಟು ಜೋರಾಗಿ.

ಆಮ್ಯಾಲೆ ಗಾಡಿ ಬರಲಿಲ್ಲ.

ಮೊದಲು ಯಾರೂ ಏನೂ ಅನಲಿಲ್ಲ. ಹಕ್ಕಿ ಕೂಗೂದು ಕೇಳಿಸಲಿಕ್ಕೆ ಹತ್ತಿತು. ಟೇಪಿನ ಹತ್ರ ನಿಂತ ಸ್ವಯಂಸೇವಕಿ ರೇಡಿಯೋ ಕಿವಿಗೆ ಹಿಡಕೊಂಡಳು, ಅಕಿ ಮಾರಿ ನೋಡಿದ ಕೂಡಲೆ ನನ್ನ ಕೈ ತಣ್ಣಗಾದ್ವು. "ಇವತ್ತಿಗೆ ಇಲ್ಲೆ ನಿಂತಿತು, ಮನಿಗೆ ಹೋಗ್ರಿ" ಅಂದಳು. ಅದೇ ಹಂತದಾಗ ಇನ್ನೊಂದು ಕಡೆ ಒಂದು ಗಾಡಿಯೊಳಗಿದ್ದ ಇಬ್ಬರೂ, ಹೊಡಿಯಾಂವನೂ ಓದಾಂವನೂ, ಉಳೀಲಿಲ್ಲ ಅಂತ ದಾರ್‍ಯಾಗ ರೇಡಿಯೋದಾಗ ಕೇಳಿದ್ವಿ. ಎರಡು ದಿನದಾಗ ಮೂರು ಜನ. ಅವರ ಮನ್ಯಾಗೂ ಯಾರೋ ಅಡಿಗಿ ಮಾಡಿ ದಾರಿ ಕಾಯ್ತಿದ್ದಿರಬೇಕು. ನಮ್ಮ ಬುತ್ತಿ ಹಂಗ ಮನಿಗೆ ವಾಪಸ್ ಬಂತು.

ಆ ರಾತ್ರಿ ನಾ ಮಗಗ, "ಆ ಡಾಟ್ಸನ್ ಮಾತು ಇನ್ನ ಎತ್ತಬ್ಯಾಡ" ಅಂದೆ. ಅಂವ ಚೀರಾಡಲಿಲ್ಲ. ಸಣ್ಣ ದನಿಯೊಳಗ ಅಂದ: "ಬ್ಯಾರೆಯವರ ಮಕ್ಕಳು ಓಡಿಸಿದ್ರ ಬುತ್ತಿ ಕಟಗೊಂಡು ಹೋಗಿ ಚಪ್ಪಾಳಿ ಹೊಡೀತಿ. ನಾ ಹೋಗತೀನಿ ಅಂದ್ರ ಬ್ಯಾಡ ಅಂತಿ."

ಇದಕ್ಕ ನನ್ನ ಕಡೆ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ. ಆ ಓದಾಂವಗೂ ಒಬ್ಬಾಕಿ ತಾಯಿ ಇದ್ದಾಳು ಅನ್ನೋದು ಇಷ್ಟು ವರ್ಷ ನನ್ನ ತಲಿಗೆ ಹೊಳದೇ ಇರಲಿಲ್ಲ. ಪ್ರತಿ ಹೆಲ್ಮೆಟ್ ಒಳಗೂ ಒಂದು ಮಾರಿ ಇರತದ, ನಾ ಬರೇ ಗಾಡಿ ನೋಡತಿದ್ದೆ.

ತನಿಖಿ ಆತು, ನಿಯಮ ಬಿಗಿ ಮಾಡಿದ್ರು. 2022ರಾಗ ಮತ್ತ ನಡೀತು, ಮತ್ತ ಒಬ್ಬರು ತೀರಿಕೊಂಡ್ರು. ಆ ವರ್ಷ ನಾವು ಹೋಗಿರಲಿಲ್ಲ. ಈ 2023ರಾಗ ಪೈಪೋಟಿನ ಇಲ್ಲ. ವೈನಿ, ಇದs ನೀವು ಕೇಳಿದ್ದಕ್ಕ ಉತ್ತರ.

ನಿಂತದ್ದಕ್ಕ ಸಮಾಧಾನ ಆಗೇದೇನು ಅಂತ ನೀವು ಕೇಳಬಹುದು. ಆಗೇದ. ಟಪಾಲ ಡಬ್ಬಿಯೊಳಗ ಆ ಚೀಟಿ ಇಲ್ಲದ್ದು ನೋಡಿ ಹೊಟ್ಟ್ಯಾಗ ಕಲಸಿದಂಗೂ ಆಗೇದ. ಎರಡೂ ಖರೇ.

ಹೋದ ಆದಿತ್ಯವಾರ ರಿಚ್ಮಂಡಿಗೆ ಹೊಂಟಿದ್ದೆ, ಬೇಕರಿಯಿಂದ ಬ್ರೆಡ್ ತರಲಿಕ್ಕೆ. ಈಗ 19 ವರ್ಷದಾಂವ ಮಗ ತಾನಾಗೇ ಬಂದು ಪಕ್ಕದ ಸೀಟಿನ್ಯಾಗ ಕೂತ. ಗ್ರಾಸ್‌ಟ್ರೀ ಹಿಲ್ ಏರು ಹತ್ತಿದ ಕೂಡಲೆ ಕಿಸೆದಾಗಿಂದ ಆ ಹಳೇ ಸಾಲಿ ವಹಿ ತಗದ. "ಅಮ್ಮ, ಓದಲೇನು?" ಅಂದ. ನಾ ಹೊಡಿಯೋದು ನಿಮಗೆಲ್ಲಾ ಗೊತ್ತs ಅದ, ಹಿಂದಿನವರು ಹಾರ್ನ್ ಹೊಡೀಬೇಕು, ಹಂಗ. "ಓದಪಾ" ಅಂದೆ.

"ಎಡ ನಾಕು. ದಿಬ್ಬ. ಬಲ ಎರಡು, ಬಿಗಿ ಅದ ಅಮ್ಮ, ಸಾವಕಾಶ."

ತಿರುವು ಅಂವ ಹೇಳಿದಂಗ ಬಂತು. ಅಂವ ತಲಿ ಎತ್ತಲಿಲ್ಲ, ಓದತಾನ ಇದ್ದ. ನಾ ಸಾವಕಾಶ ತಿರಗಿಸಿದೆ.