ಆಗುಂಬೆಯ ಮಂಜಿನಲ್ಲಿ ಒಂದು ಗುಂಡಿ

ತೀರ್ಥಹಳ್ಳಿಯನ್ನು ಬಿಟ್ಟು ಪಶ್ಚಿಮಕ್ಕೆ ಸಾಗಿದಂತೆ ಅಡಕೆಯ ತೋಟಗಳು ಹಿಂದೆ ಸರಿದು, ಕಾಡು ರಸ್ತೆಯ ಎರಡು ಅಂಚಿಗೂ ಒತ್ತಿ ಬರುತ್ತದೆ. ಆಗುಂಬೆ ಬಂದಿತೆಂದು ತಿಳಿಯಲು ಮೈಲಿಗಲ್ಲು ಬೇಕಿಲ್ಲ, ಮಳೆಯೇ ತಿಳಿಸುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಊರು ಅದು. ಊರು ದಾಟುತ್ತಲೇ ನೆಲ ತೀರಿತೋ ಎಂಬಂತೆ ಘಾಟಿ ಆರಂಭವಾಗುತ್ತದೆ. ಕೆಳಗಣ ಸೋಮೇಶ್ವರವನ್ನು ಮುಟ್ಟಲು 14 ಹಿಮ್ಮುರಿ ತಿರುವುಗಳನ್ನು ಇಳಿಯಬೇಕು. ಚಳಿಗಾಲದಲ್ಲಿ ಸೂರ್ಯಾಸ್ತ ನೋಡಲು ಜನ ನೆರೆಯುವ ಆ ಅಂಚು, ಆಷಾಢದಲ್ಲಿ ಮುಗಿಲಿನ ಹೆಬ್ಬಾಗಿಲು.

ಅಂಥದೊಂದು ಆಷಾಢದ ಸಂಜೆ ಬೆಂಗಳೂರಿನ ಸಂಸಾರವೊಂದು ಆ ಬಾಗಿಲನ್ನು ಹೊಕ್ಕಿತು. ಉಡುಪಿಯ ಕೃಷ್ಣದರ್ಶನಕ್ಕೆ ಹೊರಟ ಪಯಣ. ಕಾರು ಮನೆಗೆ ಬಂದು ಮೂರು ವಾರವಷ್ಟೇ ಆಗಿತ್ತು. ನಡೆಸುತ್ತಿದ್ದವರು ಮನೆಯ ಯಜಮಾನರು. ಪಕ್ಕದಲ್ಲಿ ಅವರ ತಂದೆ. ಹಿಂದೆ ಗೃಹಿಣಿ ಮತ್ತು ಹೈಸ್ಕೂಲು ಓದುವ ಮಗಳು. ಎದುರಿಗೆ ಶಾಲೆಯ ಸ್ಲೇಟಿನಷ್ಟು ಅಗಲದ ಹೊಳೆಯುವ ಪರದೆ. ಹಾಡು ಬದಲಿಸುವುದು, ಫೋನು ಜೋಡಿಸುವುದು ಎಲ್ಲರಿಗೂ ಬರುತ್ತಿತ್ತು. ಉಳಿದುದು ಬೇಕಾದಾಗ ತಾನೇ ತಿಳಿಯುತ್ತದೆಂಬ ನೆಚ್ಚಿಕೆ. ಕೈಪಿಡಿ ಮಾತ್ರ ಹೊದಿಕೆಯನ್ನೂ ಕಳಚದೆ ಎದುರಿನ ಗೂಡಿನಲ್ಲಿ ಸುಖನಿದ್ರೆಯಲ್ಲಿತ್ತು.

ಮೂರನೆಯ ತಿರುವು ಕಳೆದಿರಬೇಕು. ಎದುರಿನ ಗಾಜು ಹಾಲು ಬಳಿದಂತೆ ಬೆಳ್ಳಗಾಯಿತು. ಯಜಮಾನರು ವೈಪರನ್ನು ಜೋರು ಮಾಡಿದರು; ಫಲವಿಲ್ಲ. ಮಂಜು ಕುಳಿತಿದ್ದುದು ಗಾಜಿನ ಒಳಮೈಗೆ! ಎಡಗೈ ಪರದೆಯ ಮೇಲೆ ಓಡಾಡತೊಡಗಿತು. ಒಮ್ಮೆ ಹಾಡಿನ ಪುಟ, ಒಮ್ಮೆ ನಕಾಶೆ, ಒಮ್ಮೆ ದೀಪದ ಬಣ್ಣ. ಕೈಯ ಹಿಂದೆ ಕಣ್ಣೂ ಹೋಯಿತು. ಅಷ್ಟರಲ್ಲಿ ಹಾರ್ನಿನ ಆರ್ಭಟ; ಮಂಜಿನಿಂದ ಎರಡು ದೀಪಗಳು ಮೂಡಿ, ಘಾಟಿ ಹತ್ತುತ್ತಿದ್ದ ಮಿನಿಬಸ್ಸೊಂದು ಗೇಣಿನಂತರದಲ್ಲಿ ಸರಿದುಹೋಯಿತು. ಹಿಂದಿನ ಆಸನದಲ್ಲಿ ತಾಯಿ ಮಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

"ಹುಡುಕುವುದು ಆಮೇಲೆ, ಮಗು. ಮೊದಲು ಅಗಲವಾದ ಕಡೆ ನಿಲ್ಲಿಸು," ಎಂದರು ವೃದ್ಧರು. ದನಿ ಏರಲಿಲ್ಲ.

ರಸ್ತೆಯ ಮಗ್ಗುಲಿನ ತೆರಪಿನಲ್ಲಿ ಕಾರು ನಿಂತಿತು. ಕೆಂಪು ತ್ರಿಕೋನದ ಗುಂಡಿಯನ್ನೊತ್ತಲು ನಾಲ್ಕು ಮೂಲೆಯ ದೀಪಗಳೂ ಮಿನುಗಿದವು. ಮಗಳು ಕೈಪಿಡಿಯ ಹೊದಿಕೆ ಹರಿದು ಪುಟ ತಿರುವಿದಳು. ಬೀಸಣಿಗೆಯಾಕಾರದ ಗಾಜು, ಅದರ ಮೇಲೆ ಏರುವ ಮೂರು ಡೊಂಕು ಬಾಣಗಳು. "ಇದೇ ಗುರುತು, ಅಪ್ಪ!" ಅದು ಪರದೆಯೊಳಗೆ ಎಲ್ಲಿಯೂ ಅಡಗಿರಲಿಲ್ಲ, ಪರದೆಯ ಕೆಳಗೆ, ತ್ರಿಕೋನದ ಪಕ್ಕದಲ್ಲೇ ಇತ್ತು. ಮೂರು ವಾರದಿಂದಲೂ ಇತ್ತು!

ಒತ್ತಿದೊಡನೆ ಗಾಳಿ ಗಾಜಿನತ್ತ ತಿರುಗಿತು. ನಾಲ್ವರ ಉಸಿರಿನ ತೇವ ತಣ್ಣನೆಯ ಗಾಜಿಗೆ ತಗುಲಿ ಹನಿಗಟ್ಟಿದುದೇ ಆ ಮಂಜು. ಎ.ಸಿ. ಯಂತ್ರವು ಗಾಳಿಯ ತೇವವನ್ನು ಹೀರಿ ಒಣಗಾಳಿಯನ್ನು ಬೀಸುತ್ತದೆ. ಆಗ ಒಳಗಾಳಿಯನ್ನೇ ಸುತ್ತಿಸದೆ ಹೊರಗಾಳಿಯನ್ನು ಬಿಟ್ಟುಕೊಳ್ಳಬೇಕು. ಆಯತಾಕಾರದ ಗಾಜಿನ ಮೇಲೆ ಅದೇ ಬಾಣಗಳಿದ್ದರೆ ಹಿಂದಿನ ಗಾಜಿನದೆಂದು ಅರ್ಥ. ಈ ಗುರುತುಗಳಿಗೆ ಅಂತರರಾಷ್ಟ್ರೀಯ ಕಟ್ಟಳೆಯುಂಟು. ಒಂದು ಕಾರಿನಲ್ಲಿ ಕಲಿತರೆ ಬಹುಮಟ್ಟಿಗೆ ಎಲ್ಲ ಕಾರುಗಳಲ್ಲೂ ಓದಬಹುದು. ಗುರುತು ಒಂದೇ ಆದರೂ ಸ್ಥಾನ ಒಂದೇ ಅಲ್ಲ. ನಮ್ಮಲ್ಲಿ ಹೆಚ್ಚಿನ ಕಾರುಗಳಿಗೆ ಇಂಡಿಕೇಟರಿನ ಕಡ್ಡಿ ಬಲಗಡೆ. ಯುರೋಪಿನ ಕೆಲವು ಕಂಪನಿಗಳ ಕಾರುಗಳಿಗೆ ಎಡಗಡೆ. ಅಭ್ಯಾಸವಿಲ್ಲದವರು ತಿರುವಿನಲ್ಲಿ ಸೂಚನೆ ಕೊಡಹೋಗಿ ವೈಪರನ್ನು ಆಡಿಸುವುದುಂಟು.

ಕಾರು ಮತ್ತೆ ಹೊರಟಾಗ ವೃದ್ಧರು ಮಿನುಗುದೀಪವನ್ನು ಆರಿಸಲು ಹೇಳಿದರು. ಚಲಿಸುವಾಗ ಅದು ಉರಿಯುತ್ತಿದ್ದರೆ ಯಾವ ಕಡೆ ತಿರುಗುವರೆಂಬುದು ಹಿಂದಿನವರಿಗೆ ತಿಳಿಯದು. ಮಂಜಿನಲ್ಲಿ ತಗ್ಗುಬೆಳಕೇ ಲೇಸು. ಎತ್ತರದ ಬೆಳಕು ಮಂಜಿಗೆ ಬಡಿದು ಕಣ್ಣಿಗೇ ಮರಳುತ್ತದೆ. ಅವರು ಬಹುಕಾಲ ನಡೆಸಿದ ಹಳೆಯ ಅಂಬಾಸಿಡರಿನಲ್ಲಿ ಗೇರಿನ ಕೋಲು ಸ್ಟಿಯರಿಂಗಿನ ಮಗ್ಗುಲಲ್ಲಿ, ಬೆಳಕನ್ನು ತಗ್ಗಿಸುವ ಗುಂಡಿ ಕಾಲಿನ ಬಳಿ. ಅದನ್ನು ಅವರು ಎಂದೂ ಕಣ್ಣಿಟ್ಟು ಹುಡುಕಿದವರಲ್ಲ. ಕಾಲಿಗೇ ಅದು ಗೊತ್ತಿತ್ತು.

ಹಳಬರ ಹಂಬಲವೆಂದು ಇದನ್ನು ತಳ್ಳಿಹಾಕುವಂತಿಲ್ಲ. 2022ರಲ್ಲಿ ಸ್ವೀಡನ್ನಿನ 'ವಿ ಬಿಲೇಗಾರೆ' ಎಂಬ ಮೋಟಾರು ಪತ್ರಿಕೆ ಒಂದು ಪರೀಕ್ಷೆ ನಡೆಸಿತು. ಗಂಟೆಗೆ 110 ಕಿಲೋಮೀಟರು ವೇಗದಲ್ಲಿ ಗಾಜಿನ ಮಂಜು ಬಿಡಿಸುವುದು, ರೇಡಿಯೊ ಹಚ್ಚುವುದು ಮುಂತಾದ ನಾಲ್ಕು ಕೆಲಸಗಳು. ಗುಂಡಿಗಳಿದ್ದ 2005ರ ವೋಲ್ವೊದಲ್ಲಿ ಅವು 10 ಸೆಕೆಂಡಿನಲ್ಲಿ, 306 ಮೀಟರು ಸಾಗುವಷ್ಟರಲ್ಲಿ ಮುಗಿದವು. ಪರದೆಯನ್ನು ನೆಚ್ಚಿದ ಹೊಸ ಕಾರೊಂದರಲ್ಲಿ 44.6 ಸೆಕೆಂಡು ಹಿಡಿಯಿತು. ಅಷ್ಟರಲ್ಲಿ ಕಾರು 1,372 ಮೀಟರು ಓಡಿತ್ತು! ಯುರೋಪಿನಲ್ಲಿ ಕಾರುಗಳ ಸುರಕ್ಷತೆಗೆ ನಕ್ಷತ್ರ ನೀಡುವ ಯೂರೋ ಎನ್‌ಕ್ಯಾಪ್ ಸಂಸ್ಥೆ, ಹಾರ್ನು, ವೈಪರು, ಇಂಡಿಕೇಟರುಗಳಂಥ ಮುಖ್ಯ ಕಾರ್ಯಗಳಿಗೆ ಕೈಗೆ ತಗಲುವ ಬಿಡಿ ಗುಂಡಿಗಳಿರುವುದನ್ನು 2026ರ ನಿಯಮಗಳಲ್ಲಿ ಗಣನೆಗೆ ತಂದಿದೆ.

ಎರಡನೆಯ ಗೇರಿನಲ್ಲಿ, ಹತ್ತಿ ಬರುವವರಿಗೆ ದಾರಿ ಬಿಡುತ್ತ ಕಾರು ಸೋಮೇಶ್ವರಕ್ಕಿಳಿಯಿತು. ಮಂಜು ಮೇಲೆಯೇ ಉಳಿಯಿತು.

ಮರುದಿನ ಬೆಳಗ್ಗೆ ಉಡುಪಿಯಲ್ಲಿ ದರ್ಶನಕ್ಕೆ ಮುನ್ನ, ವಸತಿಗೃಹದ ಅಂಗಳದಲ್ಲಿ ನಿಂತ ಕಾರಿನಲ್ಲಿ ಯಜಮಾನರು ಕಣ್ಣು ಮುಚ್ಚಿ ಕುಳಿತಿದ್ದರು. ಮಗಳು ಕೈಪಿಡಿ ಹಿಡಿದು ಒಂದೊಂದೇ ಹೆಸರು ಕೂಗುತ್ತಿದ್ದಳು: "ಮಂಜಿನ ದೀಪ! ಹಿಂದಿನ ಗಾಜು! ತ್ರಿಕೋನ!" ತಂದೆಯ ಕೈ ತಪ್ಪಿದಾಗಲೆಲ್ಲ ಅವಳ ನಗು. ವೃದ್ಧರು ಕಾಫಿಯ ಲೋಟ ಹಿಡಿದು ನೋಡುತ್ತ ನಿಂತಿದ್ದರು. ಮೂರನೆಯ ಸುತ್ತಿನಲ್ಲಿ ಕೈ ಒಮ್ಮೆಯೂ ತಪ್ಪಲಿಲ್ಲ.

"ಇನ್ನು ಹೊರಡಬಹುದು," ಎಂದರು ಅವರು.