ರಜಾ ದಿನ ಸೈಕಲ್ಲಾ ಸಾರ್?

"ನಾನು ಸೈಕಲ್ ತುಳಿದು ನಿನ್ನನ್ನ ಓದಿಸಿದ್ದು, ನೀನು ಸೈಕಲ್ ತುಳೀಬಾರದು ಅಂತ ಕಣೋ!"

ಗೇರ್ ಸೈಕಲ್ ಕೊಂಡು ಮನೆಗೆ ತಂದ ದಿನ ಅಪ್ಪ ಹೇಳಿದ ಮಾತಿದು. ತಮಾಷೆಗೆ ಅಂದದ್ದಲ್ಲ. ಬೆಲೆ ಕೇಳಿದ ಮೇಲಂತೂ ಎರಡು ದಿನ ಸರಿಯಾಗಿ ಮಾತೇ ಆಡಲಿಲ್ಲ.

ಅಪ್ಪ ಪೀಣ್ಯ ಎರಡನೇ ಹಂತದ ಒಂದು ಚಿಕ್ಕ ಮೆಷಿನ್ ಶಾಪಿನಲ್ಲಿ ಲೇತ್ ಕೆಲಸ ಮಾಡುತ್ತಿದ್ದರು. ಸುಂಕದಕಟ್ಟೆಯ ಬಾಡಿಗೆ ಮನೆಯಿಂದ ಇಪ್ಪತ್ತೆರಡು ವರ್ಷ ಅಟ್ಲಾಸ್ ಸೈಕಲ್ಲಿನಲ್ಲೇ ಓಡಾಟ. ಹ್ಯಾಂಡಲ್ಲಿಗೆ ಟಿಫಿನ್ ಕ್ಯಾರಿಯರ್, ಕ್ಯಾರಿಯರ್ ಮೇಲೆ ಮಡಚಿಟ್ಟ ಪ್ಲಾಸ್ಟಿಕ್ ಶೀಟು. ಅದೇ ಅವರ ರೇನ್‌ಕೋಟು. 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ನಿಂತಿತು ಅಂತ ಪೇಪರ್ ಓದಿ ಹೇಳಿದಾಗ ಅಪ್ಪ "ಹೂಂ" ಅಂದು ಸುಮ್ಮನಾಗಿದ್ದರು. ಅಂಥವರಿಗೆ "ಖುಷಿಗೆ ಸೈಕಲ್ ಹೊಡೀತೀನಿ" ಅಂದರೆ ಹೇಗಾಗಬೇಡ!

ನನಗೆ ಈ ಹುಚ್ಚು ಹತ್ತಿದ್ದು ಇಂಗ್ಲೆಂಡಿನಲ್ಲಿ. 2008ರಲ್ಲಿ ಎಂಟು ತಿಂಗಳು ಆನ್‌ಸೈಟ್ ಅಂತ ರೆಡಿಂಗ್ ಊರಿಗೆ ಹೋಗಿದ್ದೆ. ಅಲ್ಲಿಂದ ಕೆನೆಟ್ ಅಂಡ್ ಏವನ್ ಅನ್ನೋ ಹಳೇ ಕಾಲುವೆ ಬ್ರಿಸ್ಟಲ್ ಕಡೆಗೆ ಹೋಗುತ್ತದೆ, ಸುಮಾರು 140 ಕಿಲೋಮೀಟರ್. ಹಿಂದೆ ದೋಣಿಗಳನ್ನು ಕುದುರೆ ಕಟ್ಟಿ ಎಳೆಯುತ್ತಿದ್ದ ದಂಡೆಯ ದಾರಿಯಲ್ಲಿ ಈಗ ಜನ ಸೈಕಲ್ ಹೊಡೆಯುತ್ತಾರೆ, ನಾಯಿ ಕರೆದುಕೊಂಡು ಓಡಾಡುತ್ತಾರೆ. ಒಂದು ಶನಿವಾರ ಸಹೋದ್ಯೋಗಿಯ ಜೊತೆ ಬಾಡಿಗೆ ಸೈಕಲ್ ತಗೊಂಡು ಹೋಗಿ, ನ್ಯೂಬರಿ ಹತ್ತಿರ ಒಬ್ಬ ರೈತನ ಹುಲ್ಲುಗಾವಲಿನಲ್ಲಿ ದುಡ್ಡು ಕೊಟ್ಟು ಟೆಂಟ್ ಹಾಕಿದ್ದೆವು. ರಾತ್ರಿಯಿಡೀ ಸೋನೆ ಮಳೆ. ಬೆಳಿಗ್ಗೆ ಕಣ್ಣು ಬಿಟ್ಟರೆ ಟೆಂಟಿನ ಬಾಗಿಲಲ್ಲಿ ಒಂದು ಕುರಿ ನಿಂತು ನನ್ನನ್ನೇ ನೋಡುತ್ತಿತ್ತು. ಅಷ್ಟೇ, ಇನ್ನೇನೂ ಆಗಲಿಲ್ಲ. ಆದರೂ ಇಷ್ಟು ವರ್ಷ ನೆನಪಿದೆ ನೋಡಿ.

ಅಂಥದ್ದೊಂದು ಶನಿವಾರ ಇಲ್ಲೂ ಬೇಕು ಅನ್ನಿಸಿ ಕಳೆದ ವರ್ಷ, ಅಂದರೆ 2025ರ ನವೆಂಬರಿನಲ್ಲಿ, ನಾನೂ ನಮ್ಮ ಟೀಮಿನ ಗೆಳೆಯನೂ ತಳಿಗೆ ಹೊರಟೆವು. ಆನೇಕಲ್ ದಾಟಿದ ಮೇಲೆ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಸೇರಿದ ಊರು. ತಂಪು ಹವೆ, ಏರಿಳಿಯೋ ಹೊಲಗಳನ್ನು ನೋಡಿ ಬ್ರಿಟಿಷರು ಇದನ್ನು 'ಲಿಟಲ್ ಇಂಗ್ಲೆಂಡ್' ಅನ್ನುತ್ತಿದ್ದರಂತೆ. ನಮ್ಮ ಎಲೆಕ್ಟ್ರಾನಿಕ್ ಸಿಟಿಯಿಂದ ಮೂವತ್ತೈದು ಕಿಲೋಮೀಟರ್ ಆಸುಪಾಸು. ಗೆಳೆಯನ ಸೋದರಮಾವನ ಹೊಲ ತಳಿಯಿಂದ ಮುಂದೆ, ಜವಳಗಿರಿ ಕಡೆಗಿದೆ. ಅಲ್ಲೇ ಟೆಂಟ್ ಹಾಕೋದು ಅಂತ ತೀರ್ಮಾನ.

ಬೆಳಿಗ್ಗೆ ಆರಕ್ಕೆ ಹೊರಟಾಗ ಹೊಸೂರು ರೋಡಿನಲ್ಲಿ ಆಗಲೇ ಶಿಫ್ಟಿನ ಗಲಾಟೆ. ತಲೆ ಮೇಲೆ ಆಗಸ್ಟಿನಲ್ಲಿ ಶುರುವಾದ ಹಳದಿ ಮೆಟ್ರೋ, ಕೆಳಗೆ ಸರ್ವಿಸ್ ರೋಡಿನಲ್ಲಿ ಕಂಪನಿ ಬಸ್ಸು, ಲಾರಿ, ಗಾರ್ಮೆಂಟ್ಸಿಗೆ ಹೋಗೋ ಹೆಂಗಸರ ಟೆಂಪೋ. ಇವುಗಳ ಸಂದಿಯಲ್ಲಿ ಸೈಕಲ್ಲುಗಳು! ಕಾರಿನಲ್ಲಿ ಹೋಗುವಾಗ ನನಗೆ ಇವು ಕಂಡೇ ಇರಲಿಲ್ಲ. ಹೆಬ್ಬಗೋಡಿಯಿಂದ ಬೊಮ್ಮಸಂದ್ರದವರೆಗೆ ಎಣಿಸಿದೆ, ಇಪ್ಪತ್ತಮೂರು. ಒಂದಕ್ಕೂ ಹಿಂದೆ ಲೈಟಿಲ್ಲ, ಒಬ್ಬರ ತಲೆ ಮೇಲೂ ಹೆಲ್ಮೆಟ್ಟಿಲ್ಲ. ನಮ್ಮಿಬ್ಬರದು ಮಾತ್ರ ದೀಪಾವಳಿ ಥರ ಮಿನುಗುತ್ತಿತ್ತು.

ಚಂದಾಪುರದ ಹತ್ತಿರ ಸೆಕ್ಯುರಿಟಿ ಯೂನಿಫಾರಂ ಹಾಕಿದ್ದ ನಡುವಯಸ್ಸಿನವರೊಬ್ಬರು ತುಕ್ಕು ಹಿಡಿದ ಸೈಕಲ್ಲಿನಲ್ಲಿ ನನ್ನನ್ನು ಆರಾಮಾಗಿ ಹಿಂದೆ ಹಾಕಿದರು. ಆಮೇಲೆ ಪಾಪ ಅನ್ನಿಸಿತೇನೋ, ನಿಧಾನ ಮಾಡಿ ಕೇಳಿದರು.

"ಎಲ್ಲಿ ಸಾರ್ ಡ್ಯೂಟಿ?"

"ಡ್ಯೂಟಿ ಇಲ್ಲ, ರಜಾ. ಸುಮ್ಮನೆ ತಳಿಗೆ ಹೋಗ್ತಿದ್ದೀವಿ."

"ರಜಾ ದಿನ ಸೈಕಲ್ಲಾ ಸಾರ್?" ಅಂತ ನಕ್ಕು ಮುಂದೆ ಹೋದರು. ನನಗೆ ಅಪ್ಪನ ನೆನಪಾಯಿತು.

ಚಂದಾಪುರದಲ್ಲಿ ಬಲಕ್ಕೆ ತಿರುಗಿ ಆನೇಕಲ್ ಮುಟ್ಟಿ ಇಡ್ಲಿ ತಿಂದೆವು. ಅಲ್ಲಿಂದ ಮುಂದೆ ದಾರಿ ನಿಜಕ್ಕೂ ಚಂದ. ಗಡಿ ದಾಟಿದರೂ ಭಾಷೆ ದಾಟುವುದಿಲ್ಲ. 1956ರಲ್ಲಿ ರಾಜ್ಯ ವಿಂಗಡಣೆ ಆದಾಗ ಹೊಸೂರಿನ ಈ ಸೀಮೆ ಮದ್ರಾಸಿನಲ್ಲೇ ಉಳಿಯಿತು. ಜನ ಮಾತ್ರ ಇವತ್ತಿಗೂ ಕನ್ನಡ, ತೆಲುಗು, ತಮಿಳು ಮೂರನ್ನೂ ಆಡುತ್ತಾರೆ. ಬೋರ್ಡು ತಮಿಳಿನಲ್ಲಿದ್ದ ಅಂಗಡಿಯಲ್ಲಿ "ಟೀ ಎರಡಾ?" ಅಂತ ಕನ್ನಡದಲ್ಲೇ ಕೇಳಿದರು. ಗುಲಾಬಿ ಬೆಳೆಯೋ ಪಾಲಿಹೌಸುಗಳು, ಎಲೆಕೋಸು, ಆಮೇಲೆ ಎರಡೂ ಕಡೆ ತೆನೆ ಬಲಿತ ರಾಗಿ. ಆತುರ ಇಲ್ಲ, ಕಂಡಕಂಡಲ್ಲಿ ನಿಂತೆವು. ಮಧ್ಯಾಹ್ನದ ಹೊತ್ತಿಗೆ ಹೊಲ ಸೇರಿದೆವು.

ರಾಗಿ ಹೊಲದ ಅಂಚಿನಲ್ಲಿ ಹೊಂಗೆಮರದ ಕೆಳಗೆ ಒಳ್ಳೇ ಸಮತಟ್ಟು ಜಾಗ. ಟೆಂಟ್ ಬಿಚ್ಚಲು ಶುರು ಮಾಡಿದ್ದೆ, ಮಾವ ಓಡಿ ಬಂದರು.

"ಅಲ್ಲಿ ಬ್ಯಾಡ ಕಣಪ್ಪಾ! ಆನೆ ಬತ್ತವೆ. ಮನೆ ಮುಂದ್ಲ ಅಂಗಳದಾಗೆ ಹಾಕ್ಕಳಿ."

ಬನ್ನೇರುಘಟ್ಟದ ಕಾಡಿನಿಂದ ಆನೆಗಳು ಮಳೆಗಾಲ ಮುಗಿಯುತ್ತಿದ್ದಂತೆ ತಳಿ, ಜವಳಗಿರಿ, ಡೆಂಕಣಿಕೋಟೆ ಕಡೆಗೆ ದಾಟುತ್ತವೆ. ಜವಳಗಿರಿ ಕಾಡು 2014ರಲ್ಲಿ ಆದ ಕಾವೇರಿ ಉತ್ತರ ವನ್ಯಜೀವಿಧಾಮಕ್ಕೆ ಸೇರಿದೆ. ಆನೆ ದಾಟೋ ಸಮಯವೂ ರಾಗಿ ಬಲಿಯೋ ಸಮಯವೂ ಒಂದೇ. ಇದೆಲ್ಲ ಪೇಪರಿನಲ್ಲಿ ಓದಿದ್ದೆ. ಆದರೆ ಟೆಂಟ್ ಹಿಡಿದುಕೊಂಡಾಗ ಯಾಕೋ ಹೊಳೆದಿರಲಿಲ್ಲ.

ಸಂಜೆ ಮುದ್ದೆ, ಅವರೇಕಾಳು ಸಾರು ಉಂಡು, ಅಂಗಳದಲ್ಲಿ ಟೆಂಟೊಳಗೆ ಮಲಗಿದೆವು. ಮಾವ ಕಂಬಳಿ ಹೊದ್ದು, ಟಾರ್ಚು, ಪಟಾಕಿ, ಒಂದು ಎಣ್ಣೆ ಟಿನ್ನು ತಗೊಂಡು ಹೊಲದ ಅಟ್ಟಣೆ ಹತ್ತಿದರು. ಅವರಿಗೆ ಅರವತ್ತು ದಾಟಿದೆ.

ರಾತ್ರಿ ಎರಡರ ಸುಮಾರಿಗೆ ಟಿನ್ನು ಬಡಿಯೋ ಸದ್ದಿಗೆ ಎಚ್ಚರ ಆಯಿತು. ದೂರದಲ್ಲಿ ಯಾರೋ ಕೂಗಿದರು, ಇನ್ನೊಂದು ಹೊಲದಿಂದ ಪಟಾಕಿ. ಅತ್ತೆ ಬಾಗಿಲು ತೆಗೆದು ನಮ್ಮಿಬ್ಬರನ್ನೂ ಒಳಗೆ ಎಳೆದುಕೊಂಡರು. ಕಿಟಕಿಯಿಂದ ಏನೂ ಕಾಣಲಿಲ್ಲ. ರಾಗಿಪೈರು ಕೀಳೋ ಚರ್ ಚರ್ ಸದ್ದು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು. ನನ್ನ ಕಾಲು ನಡುಗುತ್ತಿತ್ತು. ಅತ್ತೆ ದೇವರ ಗೂಡಿನ ಮುಂದೆ ಕೂತುಬಿಟ್ಟಿದ್ದರು. ಮಾವ ಹೊರಗೆ ಅಟ್ಟಣೆ ಮೇಲೆ ಒಬ್ಬರೇ.

ಬೆಳಿಗ್ಗೆ ಹೋಗಿ ನೋಡಿದೆವು. ಮೂಲೆಯ ನಾಲ್ಕೈದು ಗುಂಟೆ ರಾಗಿ ನೆಲಕ್ಕೆ ಮಲಗಿತ್ತು. ನಾನು ಟೆಂಟ್ ಬಿಚ್ಚಿದ್ದ ಹೊಂಗೆಮರದ ಕೆಳಗೆ ಮೊರದಗಲ ಹೆಜ್ಜೆ. ನೋಡಿ ನನಗೆ ಮಾತು ಹೊರಡಲಿಲ್ಲ. ಮಾವ ಬೀಡಿ ಹಚ್ಚಿ, "ಇಷ್ಟಕ್ಕೇ ಹೋದ್ವಲ್ಲ ಬಿಡು" ಅಂದರು. ಆಮೇಲೆ ಟೆಂಟ್ ಮಡಚುತ್ತಿದ್ದ ನಮ್ಮನ್ನು ನೋಡಿ, "ನಿಮ್ಗೆ ಒಂದ್ ರಾತ್ರಿ ಸೊಗಸು. ನಮ್ಗೆ ಎರಡು ತಿಂಗ್ಳು ಇದೇಯಾ" ಅಂತ ನಕ್ಕರು. ಕೊಂಕಿನಿಂದ ಅಂದದ್ದಲ್ಲ. ನನಗೇ ಚುಚ್ಚಿತು.

ಹಾಗಂತ ಸೈಕಲ್ ಬಿಟ್ಟುಬಿಟ್ಟೆ ಅಂದುಕೊಳ್ಳಬೇಡಿ :-) ನೀವೂ ಹೋಗಿ, ದಾರಿ ಚೆನ್ನಾಗಿದೆ. ಆದರೆ ರಾಗಿ ಕಟಾವಿನ ತಿಂಗಳುಗಳಲ್ಲಿ ಆ ಕಡೆ ಬಯಲಲ್ಲಿ ಟೆಂಟ್ ಹಾಕುವ ಸಾಹಸ ಬೇಡ, ಕತ್ತಲಾದ ಮೇಲೆ ರಸ್ತೆಯಲ್ಲೂ ಇರಬೇಡಿ. ಊರವರು ಹೇಳಿದ್ದನ್ನು ಕೇಳಿ. ಇನ್ನೊಂದು: ಹಿಂದಿನ ಲೈಟು ನೂರೈವತ್ತು ರೂಪಾಯಿಗೆ ಸಿಗುತ್ತದೆ. ಈಗ ಬ್ಯಾಗಿನಲ್ಲಿ ಎರಡು ಹೆಚ್ಚಿಗೆ ಇಟ್ಟುಕೊಂಡಿರುತ್ತೇನೆ. ಬೊಮ್ಮಸಂದ್ರದಲ್ಲಿ ಮೊದಲನೇ ಸಲ ಒಬ್ಬರಿಗೆ ಕೊಟ್ಟಾಗ "ಯಾವ ಕಂಪನಿ ಆಫರ್ ಸಾರ್?" ಅಂತ ಕೇಳಿದರು.

ಭಾನುವಾರ ಸಂಜೆ ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಸೆಕ್ಯುರಿಟಿಯವರ ಮಾತು ಕೇಳಿ ಜೋರಾಗಿ ನಕ್ಕರು. ಆನೆ ವಿಷಯ ಕೇಳಿ ಬೈದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ನಾನು ಯಾವತ್ತೂ ಕೇಳಿರದ ಒಂದು ವಿಷಯ ಹೇಳಿದರು. ಸೆಕೆಂಡ್ ಶಿಫ್ಟ್ ಮುಗಿಸಿ ರಾತ್ರಿ ಹನ್ನೊಂದಕ್ಕೆ ಹೊರಟಾಗ ಪಂಕ್ಚರ್ ಆಗಿ, ಮಳೆಯಲ್ಲಿ ಮನೆವರೆಗೂ ತಳ್ಳಿಕೊಂಡು ಬಂದಿದ್ದರಂತೆ. ಮಾರನೇ ದಿನ ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ, ಎಚ್ಚರ ಆದೀತು ಅಂತ ಬಾಗಿಲು ಬಡಿಯದೆ ಜಗುಲಿಯ ಮೇಲೇ ಕೂತಿದ್ದರಂತೆ, ಬೆಳಗಾಗುವವರೆಗೆ.

ನನಗೆ ಏನು ಹೇಳಬೇಕೋ ತೋಚಲಿಲ್ಲ.

ಅಪ್ಪ ಎದ್ದು ಹೊರಗೆ ಹೋದರು. ನೋಡಿದರೆ ನನ್ನ ಸೈಕಲ್ ಪಕ್ಕ ಬಗ್ಗಿ, ಹೆಬ್ಬೆರಳಿನಿಂದ ಹಿಂದಿನ ಚಕ್ರ ಒತ್ತುತ್ತಿದ್ದರು.

"ಗಾಳಿ ಕಮ್ಮಿ ಇದೆ ಕಣೋ. ಪಂಪ್ ಎಲ್ಲಿಟ್ಟಿದ್ದೀಯ?"